ಅತ್ತೆ, ಜಡ್ಜು, ಹೂ ಮಾರುವವಳು

ಅವರು ತೀರಿಕೊಂಡ ಸುದ್ದಿ ಮರುದಿನದ ಪತ್ರಿಕೆಯ ಒಳಪುಟದಲ್ಲಿ ಬಂತು. ನಾಲ್ಕೈದು ಸಾಲು, ಪಕ್ಕದಲ್ಲೊಂದು ಫೋಟೊ. ಆ ಫೋಟೊ ಅವರದ್ದಲ್ಲ. ಅವರ ಹಾಗೆಯೇ ಧಾರಾವಾಹಿಗಳಲ್ಲಿ ಅಮ್ಮ, ಅತ್ತೆ ಮಾಡುವ ಇನ್ನೊಬ್ಬ ಕಲಾವಿದೆಯದು. ಪತ್ರಿಕೆ ಹಿಡಿದುಕೊಂಡು ನಾನು ಅವರ ಮನೆಗೆ ಓಡಿದೆ. ಅವರ ಅಕ್ಕ ಹಜಾರದ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು. ನೋಡಿದರು, ಮಡಚಿದರು, ಪಕ್ಕಕ್ಕಿಟ್ಟರು.

"ಫೋನ್ ಮಾಡಿ ಹೇಳೋಣ ಅಕ್ಕ, ನಾಳೆ ಸರಿ ಮಾಡಿ ಹಾಕ್ತಾರೆ."

"ಬೇಡ ಬಿಡಮ್ಮ. ಆ ಯಮ್ಮಾನೇ ಬೆಳಗ್ಗೆ ಫೋನ್ ಮಾಡಿದ್ಲು. ಅವಳಿಗೇ ಏನಾಯ್ತೋ ಅಂತ ಎಲ್ರೂ ವಿಚಾರಿಸ್ತಿದಾರಂತೆ. ಒಂದೇ ಸಮ ಅಳ್ತಿದ್ಲು ಪಾಪ. ಇವಳಿಗೋಸ್ಕರಾನೋ ತನಗೋಸ್ಕರಾನೋ ಗೊತ್ತಾಗ್ಲಿಲ್ಲ."

ಅವರ ಬಗ್ಗೆ ನಾಲ್ಕು ಮಾತು ಬರೆದಿಡಬೇಕು ಅನ್ನಿಸಿದ್ದು ಆ ಹೊತ್ತಿನಲ್ಲಿ. ಹೆಸರು ಹಾಕುವುದಿಲ್ಲ. ಹಾಕಿದರೂ ನಿಮಗೆ ಗೊತ್ತಾಗುವುದಿಲ್ಲ. ಮುಖ ತೋರಿಸಿದರೆ ಮಾತ್ರ "ಓ, ಇವರಾ!" ಅನ್ನುತ್ತೀರಿ.

ಬನಶಂಕರಿ ಎರಡನೇ ಹಂತದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಬ್ಲೌಸು, ಚೂಡಿದಾರ್, ಫಾಲು, ಜಿಗ್‌ಜಾಗ್. ಅವರ ಮನೆ ಹಿಂದಿನ ರಸ್ತೆಯಲ್ಲಿ. ಗಂಡ ಬಹಳ ಹಿಂದೆಯೇ ಹೋಗಿದ್ದರು, ಮಕ್ಕಳಿರಲಿಲ್ಲ. ಟೆಲಿಫೋನ್ ಇಲಾಖೆಯಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದ, ಮದುವೆಯಾಗದ ಅಕ್ಕನ ಜೊತೆ ಇದ್ದರು. ಧಾರಾವಾಹಿಗಳಲ್ಲಿ ನಾಯಕಿಗೆ ಮಾತ್ರ ಕಂಪನಿಯವರು ಬಟ್ಟೆ ಕೊಡುತ್ತಾರೆ, ಉಳಿದವರು ತಮ್ಮ ಸೀರೆ ಬ್ಲೌಸನ್ನು ತಾವೇ ಹೊಂದಿಸಿಕೊಳ್ಳಬೇಕು ಎಂದು ನನಗೆ ಗೊತ್ತಾದದ್ದು ಅವರಿಂದ. ಹಾಗಾಗಿ ಅವರ ಪಾತ್ರಗಳೆಲ್ಲ ಟೀವಿಗೆ ಹೋಗುವ ಮೊದಲು ನನ್ನ ಅಂಗಡಿಗೆ ಬಂದು ಹೋಗುತ್ತಿದ್ದವು.

ಮೊದಲ ಸಲ ಬಂದಾಗ ಅಳತೆ ಬ್ಲೌಸು ಕೊಟ್ಟು, "ಇದಕ್ಕಿಂತ ಒಂದಿಂಚು ಬಿಗಿಯಾಗಿ ಹೊಲಿ" ಅಂದರು.

"ಮೇಡಂ, ಕಂಕುಳಲ್ಲಿ ಹಿಡಿಯುತ್ತೆ."

"ಹಿಡೀಲಿ. ಈ ಪಾತ್ರ ಮನೆಗೆಲಸದೋಳು ಕಣಮ್ಮ. ಯಾರೋ ಕೊಟ್ಟ ಬ್ಲೌಸ್ ಹಾಕ್ಕೊಳ್ಳೋಳು. ಅವಳ ಮೈಗೆ ಅಂತ ಯಾರು ಹೊಲಿಸಿಕೊಡ್ತಾರೆ?"

ಸಾಹುಕಾರರ ಮನೆ ಅತ್ತೆಯ ಪಾತ್ರಕ್ಕೆ ತೋಳನ್ನು ಮೊಳಕೈವರೆಗೂ ಇಳಿಸಿದರು. ಜಡ್ಜ್ ಪಾತ್ರ ಬಂದಾಗ ಕುತ್ತಿಗೆ ಮೇಲೇರಿತು. ಮಡಿವಾಳದಲ್ಲಿ ಹೂ ಮಾರುವವಳ ಪಾತ್ರ ಸಿಕ್ಕಾಗ ಎರಡು ವಾರ ಆ ಮಾರುಕಟ್ಟೆಯಲ್ಲಿ ಒಬ್ಬ ತಮಿಳು ಹೆಂಗಸಿನ ಪಕ್ಕ ಗೋಣಿ ಹಾಸಿಕೊಂಡು ಕೂತು ಬಂದರು. ಆಮೇಲೆ ಒಂದು ತಿಂಗಳು ನನ್ನನ್ನು "ಏನ್ ಕಣ್ಣು, ಊಟ ಆಯ್ತಾ?" ಎಂದೇ ಮಾತಾಡಿಸಿದರು. ಧಾರವಾಡದ ಅಜ್ಜಿಯಾದಾಗ ದನಿ ಎತ್ತರವಾಯಿತು, ಮಂಗಳೂರಿನ ಚಿಕ್ಕಮ್ಮ ಆದಾಗ ಮಾತು ಮೆತ್ತಗಾಯಿತು. ಅಂಗಡಿಗೆ ಬಂದ ಹೆಂಗಸರು ಅವರನ್ನು ಹೊಸಬರೆಂದೇ ತಿಳಿಯುತ್ತಿದ್ದರು.

ಒಂದು ಸಲ ಒಬ್ಬ ಗಿರಾಕಿ ತೋಳು ಕೆಟ್ಟಿದೆ ಎಂದು ನನ್ನ ಮೇಲೆ ಎಗರಾಡಿದಳು. ಬ್ಲೌಸನ್ನು ಒಳಮೈ ಹೊರಗೆ ಮಾಡಿ, ನನ್ನ ಮುಖದ ಮುಂದೆ ಹಿಡಿದು ಕೊಡವಿದಳು. ಇವರು ಮೂಲೆಯ ಸ್ಟೂಲಿನಲ್ಲಿ ಕೂತು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಆಕೆ ಹೋದ ಮೇಲೆ ನಾನು ಕಣ್ಣೊರೆಸಿಕೊಳ್ಳುತ್ತಿದ್ದರೆ, "ಎಷ್ಟು ಚೆನ್ನಾಗಿ ಕೊಡವಿದ್ಲಲ್ವಾ!" ಅಂದರು. ಕೆಲವು ತಿಂಗಳಾದ ಮೇಲೆ ಒಂದು ಧಾರಾವಾಹಿಯಲ್ಲಿ ಸೊಸೆಯ ಮುಖಕ್ಕೆ ಸೀರೆ ಹಿಡಿದು ಥೇಟ್ ಹಾಗೇ ಕೊಡವಿದರು. ಅದೇ ಗಿರಾಕಿ ಆ ವಾರ ಬಂದು ನನಗೆ ಹೇಳಿದಳು: "ಆ ಸೀರಿಯಲ್ ಅತ್ತೆ ಎಂಥಾ ಕೆಟ್ಟೋಳು ಅಂತೀರಾ! ಅಂಥೋರೂ ಇರ್ತಾರಾ?"

ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ಜನ ಅವರನ್ನು ತಡೆದು ನಿಲ್ಲಿಸುತ್ತಿದ್ದರು. ಕಲಾವಿದೆ ಎಂದಲ್ಲ. "ನೀವು ನಮ್ಮ ಹುಡುಗನ ಸ್ಕೂಲ್ ಮಿಸ್ ಅಲ್ವಾ?" "ನೀವು ಕೋಣನಕುಂಟೆ ಸೊಸೈಟೀಲಿ ಕೆಲಸಕ್ಕಿದ್ರಲ್ಲ?" ಇವರು ಯಾವುದನ್ನೂ ಅಲ್ಲ ಅನ್ನುತ್ತಿರಲಿಲ್ಲ. "ಹೌದು, ಈಗೆಲ್ಲಿ ಓದ್ತಿದಾನೆ ಹುಡುಗ?" ಎಂದು ವಿಚಾರಿಸಿಯೇ ಕಳಿಸುತ್ತಿದ್ದರು.

"ಬೇಜಾರಾಗಲ್ವಾ ಮೇಡಂ?" ಎಂದು ಕೇಳಿದ್ದೆ.

"ಇಷ್ಟು ವರ್ಷದಲ್ಲಿ ನಾನು ಯಾರ ಮನೆಯೋಳೂ ಆಗಬಲ್ಲೆ ಅಂತ ಆಯ್ತಲ್ಲ. ಅದೇನು ಕಮ್ಮೀನಾ?" ಎಂದರು. ಆಮೇಲೆ ದಾರದ ಉಂಡೆ ಉರುಳಿಸುತ್ತಾ, "ಒಂದೇ ಒಂದು ಸಲ ಕಥೆ ನನ್ನದೇ ಆಗಿದ್ರೆ ಚೆನ್ನಾಗಿರ್ತಿತ್ತು. ನಾನು ಯಾರಿಗೋ ಅಮ್ಮ, ಯಾರಿಗೋ ಅತ್ತೆ. ಅವರು ಒಳಗೆ ಹೋದ ತಕ್ಷಣ ನನ್ನ ಸೀನೂ ಮುಗೀತು" ಅಂದರು.

ಆ ಕಥೆ ಬಂತು. ಅವರಿಗೆ ಅರವತ್ತು ಹತ್ತಿರವಾಗಿದ್ದಾಗ ಜೆ.ಪಿ. ನಗರದ ಒಬ್ಬ ಹೊಸ ನಿರ್ದೇಶಕ ಮನೆಗೇ ಬಂದು ಒಂದು ಸಿನಿಮಾದ ಕಥೆ ಹೇಳಿದ. ಹಿಟ್ಟಿನ ಗಿರಣಿ ನಡೆಸುವ ಹೆಂಗಸೊಬ್ಬಳ ಕಥೆ. ಮೊದಲಿಂದ ಕೊನೆಯವರೆಗೂ ಅವಳೇ. "ಮಾತು ಬಹಳ ಕಮ್ಮಿ ಮೇಡಂ, ಎಲ್ಲಾ ನಿಮ್ಮ ಮುಖದಲ್ಲೇ ಆಗ್ಬೇಕು. ಅದಕ್ಕೇ ನೀವೇ ಬೇಕು" ಅಂದನಂತೆ. ಆ ಮಾತನ್ನು ಅವರು ನನಗೆ ಹೇಳುವಾಗ ಅವರ ದನಿ ನಡುಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅದು ಯಾವ ಪಾತ್ರದ ದನಿಯೂ ಆಗಿರಲಿಲ್ಲ.

ಅಂದಿನಿಂದ ಯಡಿಯೂರಿನ ಒಂದು ಗಿರಣಿಗೆ ಹೋಗಿ ಕೂರತೊಡಗಿದರು. ಅಲ್ಲಿಂದ ನೇರ ನನ್ನ ಅಂಗಡಿಗೆ ಬರುತ್ತಿದ್ದರು, ಹುಬ್ಬಿನ ಮೇಲೆಲ್ಲ ರಾಗಿಹಿಟ್ಟು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಟ್ಟು ಹಿಸುಕಿ ನುಣುಪು ನೋಡುವುದನ್ನು ಮಾಡಿ ತೋರಿಸುತ್ತಿದ್ದರು. ಧಾರಾವಾಹಿಗಳನ್ನೆಲ್ಲ ಬಿಟ್ಟರು. ಅವರ ಅಕ್ಕ, "ಅನ್ನ ಹಾಕೋದನ್ನ ಬಿಟ್ಟು ಹಿಟ್ಟಿನ ಹಿಂದೆ ಹೋಗಿದಾಳೆ" ಎಂದು ಗೊಣಗುತ್ತಲೇ ಅವರ ಸೀರೆಯ ಹಿಟ್ಟು ಕೊಡವಿ ಒಣಹಾಕುತ್ತಿದ್ದರು. ನಾನು ಆ ಪಾತ್ರಕ್ಕೆ ಹತ್ತಿಯ ಬ್ಲೌಸುಗಳನ್ನು ಹೊಲಿದು, ಹಳೆಯದಾಗಿ ಕಾಣಲೆಂದು ಒಗೆದು ಒಗೆದು ಬಣ್ಣ ಕಳೆದೆ.

ಚಿತ್ರೀಕರಣಕ್ಕೆ ಒಂದು ವಾರವಿತ್ತು. ಬೆಳಗ್ಗೆ ಅಂಗಡಿ ತೆರೆದ ತಕ್ಷಣ ಟ್ರಯಲ್ ನೋಡಲು ಬಂದರು. ಎದುರಿನ ದರ್ಶಿನಿಯಿಂದ ಕಾಫಿ ತರಿಸಿದೆ. ಒಂದು ಗುಟುಕು ಕುಡಿದರು, ಬಾಯಿಯ ಎಡಗಡೆಯಿಂದ ಕಾಫಿ ಗಲ್ಲಕ್ಕೆ ಇಳಿಯಿತು. "ನೋಡೇ, ಮಗು ಥರ" ಎಂದು ನಕ್ಕರು. ನಗು ಒಂದೇ ಕಡೆಗೆ ಹೋಯಿತು. ಎಡಗೆನ್ನೆ ಇದ್ದಲ್ಲೇ ಇತ್ತು.

ನನಗೆ ಅವರ ಆಟ ಗೊತ್ತಿತ್ತಲ್ಲ. "ಯಾರದ್ದು ಮೇಡಂ ಇದು? ಇನ್ನೊಂದು ಹೊಸ ಪಾತ್ರಾನಾ?" ಎಂದು ನಾನೂ ನಕ್ಕೆ.

ಅವರು ಲೋಟ ಕೆಳಗಿಟ್ಟು ಟ್ರಯಲ್ ಕನ್ನಡಿಯ ಮುಂದೆ ಹೋಗಿ ನಿಂತರು. ಹುಬ್ಬು ಏರಿಸಿದರು. ಬಲಗಡೆಯದು ಏರಿತು. ಕೆನ್ನೆ ಉಬ್ಬಿಸಿದರು, ಗಾಳಿ ನಿಲ್ಲಲಿಲ್ಲ. ಕಣ್ಣು ಮುಚ್ಚಿದರು. ಬಲಗಣ್ಣು ಮುಚ್ಚಿತು, ಎಡಗಣ್ಣು ಅರ್ಧ ತೆರೆದುಕೊಂಡೇ ತನ್ನನ್ನು ತಾನು ನೋಡಿಕೊಳ್ಳುತ್ತಿತ್ತು. ಮತ್ತೆ ಮಾಡಿದರು. ಮತ್ತೆ ಮಾಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತು, "ಅಕ್ಕನ್ನ ಕರಿ" ಅಂದರು.

ಆಟೋದಲ್ಲಿ ಜಯನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೆದುಳಿಗೇನೂ ಆಗಿಲ್ಲ, ಮುಖದ ನರ ಊದಿಕೊಂಡಿದೆ, ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲೇ ಸರಿಹೋಗುತ್ತೆ ಎಂದು ಡಾಕ್ಟರು ಧೈರ್ಯ ಹೇಳಿದರು. ಮಾತ್ರೆ, ಕಣ್ಣಿಗೆ ಹಾಕುವ ಹನಿ, ಮಲಗುವಾಗ ಆ ಕಣ್ಣಿನ ಮೇಲೆ ಅಂಟಿಸುವ ಪಟ್ಟಿ. ಕನ್ನಡಿಯ ಮುಂದೆ ಕೂತು ಆ, ಈ, ಊ ಎನ್ನಬೇಕು, ತುಟಿ ಚೂಪು ಮಾಡಬೇಕು. "ಇದನ್ನೆಲ್ಲಾ ಸೆಟ್ಟಲ್ಲಿ ಹೊಸ ಹುಡುಗೀರಿಗೆ ನಾನೇ ಹೇಳಿಕೊಡ್ತಿದ್ದೆ" ಎಂದರು ಅವರು. ಪ, ಬ, ಮ ಬಂದಾಗ ತುಟಿ ಸೇರದೆ ಮಾತು ಜಾರುತ್ತಿತ್ತು. ಬೀದಿಯವರು ಲಕ್ವ ಹೊಡೆದಿದೆ ಎಂದು ಮಾತಾಡಿಕೊಂಡರು. ಒಬ್ಬರು ಹರಕೆ ಹೇಳಿದರು, ಒಬ್ಬರು ಪಾರಿವಾಳದ ರಕ್ತ ಹಚ್ಚಿ ಅಂದರು. ಅಕ್ಕ ಎಲ್ಲರಿಗೂ ಬಾಗಿಲಲ್ಲೇ ಉತ್ತರ ಕೊಟ್ಟು ಕಳಿಸಿದರು.

ವಾರಗಳು ಕಳೆದವು. ಬಹಳಷ್ಟು ಜನರಿಗೆ ಆದದ್ದು ಅವರಿಗೆ ಆಗಲಿಲ್ಲ.

ನಿರ್ದೇಶಕ ಕೆಟ್ಟವನಲ್ಲ. ಎರಡು ತಿಂಗಳು ಕಾದ. ಆಮೇಲೆ ಒಂದು ದಿನ ಹಣ್ಣು ತೆಗೆದುಕೊಂಡು ಬಂದು ಕೂತ. ನಾನೂ ಅಲ್ಲಿದ್ದೆ. ಇವರೇ ಮಾತು ತೆಗೆದರು.

"ಬೇರೆಯೋರನ್ನ ಹಾಕ್ಕೊಳ್ಳಪ್ಪ."

"ಇನ್ನೊಂದು ತಿಂಗಳು ನೋಡ್ಬಹುದು ಮೇಡಂ..."

"ಗಿರಣಿ ಸೀನಲ್ಲಿ ಅವಳಿಗೆ ನಗು ತಡೆಯೋಕಾಗಲ್ಲ ಅಂತ ಇದೆಯಲ್ಲ. ಅದನ್ನ ನಾನು ಹೇಗೆ ಮಾಡ್ಲಿ?"

ಅವನು ತಲೆ ಬಗ್ಗಿಸಿಕೊಂಡೇ ಎದ್ದು ಹೋದ. ಅವರು ಆ ಹತ್ತಿ ಬ್ಲೌಸುಗಳನ್ನು ಕವರಿಗೆ ಹಾಕಿ, ಅವನ ಹಿಂದೆಯೇ ನನ್ನನ್ನು ಓಡಿಸಿದರು. "ನನ್ನ ಬದಲು ಬರೋಳಿಗೂ ಇದೇ ಅಳತೆ ಬರುತ್ತೆ ಅಂತ ಹೇಳು."

ವರ್ಷವಾಗುತ್ತ ಬಂದಾಗ ಒಂದು ಧಾರಾವಾಹಿಯ ಮ್ಯಾನೇಜರ್ ಫೋನ್ ಮಾಡಿದ. ಲಕ್ವ ಹೊಡೆದು ಹಾಸಿಗೆ ಹಿಡಿದ ಅಜ್ಜಿಯ ಪಾತ್ರವಿತ್ತು. ಅಕ್ಕ ಕೆಂಡವಾದರು. "ಇವಳ ಕಾಯಿಲೇನ ಊರಿಗೆಲ್ಲಾ ತೋರಿಸ್ತಾರಂತೆ! ನಾಚಿಕೆ ಆಗ್ಬೇಕು!"

"ಕ್ಯಾಮೆರಾ ಮುಂದೆ ಕೂರೋದಕ್ಕಾದ್ರೂ ಕರೀತಿದಾರಲ್ಲ ಅಕ್ಕ" ಎಂದು ಇವರು ಒಪ್ಪಿಕೊಂಡರು.

ಹೋಗುವ ಮೊದಲು ಫಿಸಿಯೋಥೆರಪಿಗೆ ಬರುತ್ತಿದ್ದ ಒಬ್ಬ ಮುದುಕಿಯ ಪಕ್ಕ ದಿನಾ ಕೂತು, ಸತ್ತ ಕೈಯನ್ನು ಬದುಕಿರುವ ಕೈ ಹೇಗೆ ಎತ್ತಿ ಮಡಿಲಿಗಿಟ್ಟುಕೊಳ್ಳುತ್ತದೆ ಎಂದು ನೋಡಿಕೊಂಡು ಬಂದರು. ಆ ಅಜ್ಜಿ ಮನೆಮನೆಯ ಮಾತಾಯಿತು. ಅವರು ಕಣ್ಣಲ್ಲೇ ಸೊಸೆಯನ್ನು ಹೆದರಿಸುವುದನ್ನು ನೋಡಿ ನನ್ನ ಗಿರಾಕಿಗಳು ಬೆಚ್ಚಿದರು. "ಏನ್ ಆಕ್ಟಿಂಗು! ನಿಜವಾಗ್ಲೂ ಲಕ್ವ ಹೊಡೆದಿದೆ ಅನ್ಸುತ್ತೆ" ಎನ್ನುತ್ತಿದ್ದರು. ಸೆಟ್ಟಿನಲ್ಲಿ ಮೇಲಿನ ಇಬ್ಬರು ಮೂವರನ್ನು ಬಿಟ್ಟರೆ ಯಾರಿಗೂ ನಿಜ ಗೊತ್ತಿರಲಿಲ್ಲ. ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ನಾನೊಮ್ಮೆ ಹೊಗಳಿದಾಗ ಅವರು ನಿಧಾನವಾಗಿ ಹೇಳಿದರು: "ಕೈಕಾಲು ನಾನು ಮಾಡಿದ್ದು. ಮುಖ ಮಾತ್ರ ನಂದಲ್ಲ."

ಆ ಪಾತ್ರಕ್ಕೆ ಚಾನೆಲ್ಲಿನವರ ಪ್ರಶಸ್ತಿ ಬಂತು. ಅಷ್ಟು ವರ್ಷಗಳಲ್ಲಿ ಅವರಿಗೆ ಬಂದ ಒಂದೇ ಪ್ರಶಸ್ತಿ. ಕನಕಪುರ ರಸ್ತೆಯ ದೊಡ್ಡ ಹಾಲಿನಲ್ಲಿ ಕಾರ್ಯಕ್ರಮ. ಅಕ್ಕ ಬರಲಿಲ್ಲ. ನೆರಿಗೆ ಹಿಡಿದು ಪಿನ್ ಹಾಕಿ, ನಾನೇ ಜೊತೆಗೆ ಹೋದೆ. ಹೆಸರು ಕೂಗಿದಾಗ ಅವರು ವೇದಿಕೆ ಹತ್ತಿದರು. ನಿರೂಪಕ ಹುಡುಗ ಅವರ ಮುಖ ನೋಡಿ ಕುಣಿದಾಡಿಬಿಟ್ಟ.

"ಅಯ್ಯೋ ಅಜ್ಜಿ! ಇವತ್ತೂ ಅದೇ ಗೆಟಪ್ಪಲ್ಲಿ ಬಂದುಬಿಟ್ಟಿದ್ದೀರಾ! ಇದಪ್ಪಾ ಡೆಡಿಕೇಶನ್ ಅಂದ್ರೆ! ಹೇಳಿ ಮೇಡಂ, ಈ ಮೇಕಪ್‌ಗೆ ಎಷ್ಟು ಹೊತ್ತು ಹಿಡಿಯುತ್ತೆ?"

ಜನ ಹೋ ಎಂದು ಶಿಳ್ಳೆ ಹೊಡೆದರು. ಮುಂದಿನ ಸಾಲಿನಲ್ಲಿದ್ದ ಮ್ಯಾನೇಜರ್ ನೆಲ ನೋಡಿದ. ಅವರು ಮೈಕನ್ನು ಬಾಯಿಯ ಬಲಗಡೆಗೆ ಹಿಡಿದುಕೊಂಡರು. ಹೇಳಿಬಿಡುತ್ತಾರೆ ಅಂದುಕೊಂಡೆ. ಹಾಲಿನ ತುಂಬ ಎದ್ದಿದ್ದ ಆ ನಗು ಅಲ್ಲೇ ನಿಂತುಹೋಗುತ್ತದೆ ಅಂದುಕೊಂಡೆ.

"ಒಂದು ಗಂಟೆ" ಅಂದರು.

ಚಪ್ಪಾಳೆ ನಿಲ್ಲಲೇ ಇಲ್ಲ.

ವಾಪಸು ಬರುವಾಗ ಆಟೋದಲ್ಲಿ ಕೇಳಿದೆ. "ಯಾಕೆ ಮೇಡಂ ಹಾಗಂದ್ರಿ?"

ಅವರು ಕರವಸ್ತ್ರದಿಂದ ಬಾಯಿಯಂಚು ಒತ್ತಿಕೊಂಡು, "ನಿಜ ಹೇಳಿದ್ರೆ ಪಾಪ ಅಂತಿದ್ರು. ಪಾಪ ಅನ್ನೋರು ಚಪ್ಪಾಳೆ ಹೊಡೀತಾರಾ?" ಅಂದರು.

ಆ ಒಂದು ಮಾತಿನಿಂದ ಫೋನ್‌ಗಳು ಬಂದವು. ಧಾರಾವಾಹಿಯಲ್ಲಿ ಅಜ್ಜಿಯನ್ನು ಸಾಯಿಸಿದ ಮೇಲೆ ಒಂದು ಸಿನಿಮಾದವರು ಕರೆದರು. ನಾಯಕನ ತಾಯಿ, ಹಾಸ್ಯ ಪಾತ್ರ, ಬಾಯ್ತುಂಬ ನಗುವ ಹೆಂಗಸು. ಹೋಗಬೇಡ ಎಂದು ಅಕ್ಕ ಅಂಗಲಾಚಿದರು. ಇವರು ಹೋದರು. ಆ ಹೊತ್ತಿಗೆ ಅವರಿಗೂ ಆ ಒಂದು ಗಂಟೆಯ ಮೇಕಪ್ಪಿನಲ್ಲಿ ನಂಬಿಕೆ ಬಂದುಬಿಟ್ಟಿತ್ತೇನೋ, ನನಗೆ ಗೊತ್ತಿಲ್ಲ. ಮಧ್ಯಾಹ್ನದ ಹೊತ್ತಿಗೇ ನನ್ನ ಅಂಗಡಿಗೆ ವಾಪಸು ಬಂದು ಸ್ಟೂಲಿನ ಮೇಲೆ ಕೂತರು. ಆದದ್ದನ್ನೆಲ್ಲ ಮಾಡಿ ತೋರಿಸಿದರು.

"ಮೇಕಪ್ ಹುಡುಗ ಕ್ರೀಮ್ ಹಚ್ಚಿ ಒರೆಸಿದ. ನೋಡಿದ. ಇನ್ನಷ್ಟು ಹಚ್ಚಿ ಒರೆಸಿದ. 'ಆಂಟಿ, ಯಾವ ಕಂಪನೀದು ಇದು, ಹೋಗ್ತಾನೇ ಇಲ್ವಲ್ಲ' ಅಂದ. 'ಇಂಪೋರ್ಟೆಡ್ ಕಣಪ್ಪ' ಅಂದೆ."

ಆ ಹುಡುಗ ಬಗ್ಗಿ ಬಗ್ಗಿ ನೋಡಿದ್ದು, ಓಡಿಹೋಗಿ ಆ ಸಿನಿಮಾದ ಮ್ಯಾನೇಜರನ್ನು ಕರೆತಂದದ್ದು, ಆ ಮ್ಯಾನೇಜರ್ ಜೇಬಿಗೆ ಕೈ ಹಾಕಿಕೊಂಡು, "ಮೇಡಂ, ನಾವೇ ಫೋನ್ ಮಾಡ್ತೀವಿ" ಎಂದದ್ದು, ಎಲ್ಲವನ್ನೂ ಅಭಿನಯಿಸಿದರು. ಅರ್ಧ ಮುಖದಲ್ಲೇ ಇಬ್ಬರೂ ಬಂದು ಹೋದರು. ನಗು ತಡೆಯಲಾಗದೆ ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು. ಆ ಕಣ್ಣಿನಿಂದ ಅದು ಯಾವಾಗಲೂ ಇಳಿಯುತ್ತಿತ್ತು, ಆದ್ದರಿಂದ ಅವರು ಅಳುತ್ತಿದ್ದಾರೆಯೇ ಎಂದು ಹೇಳಲು ಬರುತ್ತಿರಲಿಲ್ಲ. ಅದೇ ಅವರು ನನ್ನ ಅಂಗಡಿಯಲ್ಲಿ ಕೊನೆಯದಾಗಿ ಮಾಡಿದ ಪಾತ್ರ.

ಗಿರಣಿಯ ಸಿನಿಮಾ ಒಂದು ದಿನ ತೆರೆಗೆ ಬಂತು. ಬನಶಂಕರಿಯ ಮಾಲಿನಲ್ಲಿ ಮಧ್ಯಾಹ್ನದ ಒಂದು ಆಟ ಮಾತ್ರ. ಅವರು ಹೋಗಲೇಬೇಕೆಂದರು. ಕುರ್ಚಿಗಳೆಲ್ಲ ಬಹುಪಾಲು ಖಾಲಿ. ತೆರೆಯ ಮೇಲಿನ ಹೆಂಗಸು ಹಿಟ್ಟಿನ ಮೂಟೆಗಳ ನಡುವೆ ನಗತೊಡಗಿದಾಗ ಪಕ್ಕದಲ್ಲಿ ಇವರ ಕೈ ಮಡಿಲಿನಲ್ಲಿ ಹಿಟ್ಟು ಹಿಸುಕುವ ಹಾಗೆ ಆಡುತ್ತಿತ್ತು. ಹೊರಗೆ ಬಂದ ಮೇಲೆ, "ಚೆನ್ನಾಗಿ ಮಾಡಿದಾಳೆ. ನಾನಾಗಿದ್ರೂ ಇದಕ್ಕಿಂತ ಚೆನ್ನಾಗಿ ಮಾಡ್ತಿರ್ಲಿಲ್ಲ" ಅಂದರು. ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು.

ಆಮೇಲೆ ಅವರು ಹೊರಗೆ ಬರುವುದೇ ನಿಂತಿತು. ನಾನು ಆಗಾಗ ಹೋಗುತ್ತಿದ್ದೆ. ಬೀದಿಯ ಸುದ್ದಿ, ಗಿರಾಕಿಗಳ ಜಗಳ ಹೇಳುತ್ತಿದ್ದೆ, ಏನಾದರೂ ಹಿಡಿದುಕೊಂಡು ಮಾಡಿ ತೋರಿಸಿಯಾರೇನೋ ಎಂಬ ಆಸೆಯಿಂದ. ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಒಂದು ಸಲ ಮಾತ್ರ, ನಾನು ಹೊರಡುವಾಗ, "ಮೊದಲೆಲ್ಲಾ ಯಾರನ್ನ ನೋಡಿದ್ರೂ ಒಳಗೆ ಬಂದುಬಿಡ್ತಿದ್ರು ಕಣೇ. ಈಗ ಯಾರೂ ಬರಲ್ಲ. ಬಾಗಿಲಲ್ಲೇ ನಿಂತು ನೋಡಿ ಹೋಗ್ತಾರೆ" ಅಂದರು. "ಸರಿಹೋಗುತ್ತೆ ಮೇಡಂ" ಎಂದು ಬಂದೆ.

ಒಂದು ದಿನ ಬೆಳಗ್ಗೆ ಅಕ್ಕ ಕಾಫಿ ಕೊಡಲು ಹೋದಾಗ ಅವರು ಎದ್ದಿರಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದು ಪಕ್ಕದ ಬೀದಿಯ ಡಾಕ್ಟರು ಬಂದು ಹೇಳಿ ಹೋದರು. ನಾನು ಹೋಗುವಷ್ಟರಲ್ಲಿ ಹಜಾರದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ನಾಲ್ಕು ಮನೆಯವರು ಬಂದಿದ್ದರು. ಧಾರಾವಾಹಿಯವರು ಯಾರೂ ಇನ್ನೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಚಿತಾಗಾರದಲ್ಲಿ ಹನ್ನೊಂದಕ್ಕೆ ಹೊತ್ತು ಕೊಟ್ಟಿದ್ದಾರೆ ಎಂದು ಯಾರೋ ಹೇಳಿದರು. ವ್ಯಾನು ಗೇಟಿನ ಮುಂದೆ ನಿಂತು ಗುರುಗುಟ್ಟುತ್ತಿತ್ತು.

ಅಕ್ಕ ನನ್ನನ್ನು ಕೈಹಿಡಿದು ಹತ್ತಿರ ಕೂರಿಸಿಕೊಂಡರು. "ನೋಡಿದ್ಯೇನೇ?" ಅಂದರು, ಗುಟ್ಟು ಹೇಳುವವರಂತೆ.

ನೋಡಿದೆ. ಬಾಯಿ ನೇರವಾಗಿತ್ತು. ಬಲಗೆನ್ನೆ ಸಡಿಲವಾಗಿ ಎಡಗೆನ್ನೆಯ ಮಟ್ಟಕ್ಕೆ ಇಳಿದು ಎರಡೂ ಒಂದೇ ಸಮನಾಗಿದ್ದವು. ಅಕ್ಕ ಮುಚ್ಚಿದ್ದ ಎರಡು ಕಣ್ಣುಗಳೂ ಮುಚ್ಚಿಯೇ ಇದ್ದವು. ಹುಬ್ಬು, ಹಣೆ, ತುಟಿ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು.

"ಸರಿಹೋಗಿದೆ" ಅಂದರು ಅಕ್ಕ.

"ಹೌದಕ್ಕ" ಅಂದೆ.

ವ್ಯಾನಿನವನು ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತು, "ಅಮ್ಮಾ, ಹೊತ್ತಾಯ್ತು, ಸಿಲ್ಕ್ ಬೋರ್ಡ್ ಕಡೆ ಇನ್ನೊಂದು ಇದೆ ನಂಗೆ" ಎಂದು ಮೆಲ್ಲಗೆ ಹೇಳಿದ.

ಅಕ್ಕ ತಂಗಿಯ ಗಲ್ಲದ ಮೇಲಿಂದ ಕೈ ತೆಗೆಯಲಿಲ್ಲ. "ಒಂದು ಅರ್ಧ ಗಂಟೆ ಇರಪ್ಪ" ಅಂದರು. "ಇವಳ ಮುಖ ನೋಡಿ ಎಷ್ಟೋ ವರ್ಷ ಆಯ್ತು."